ಕೀಲಿಕೈ ಕೊಟ್ಟರೆ ಮುಗೀತಾ? ಓಪನ್ ಸೋರ್ಸ್ ಪ್ರಾಜೆಕ್ಟಿಗೂ ವಾರಸಾ ಬೇಕು

2025ರ ನವೆಂಬರ್‌ನಲ್ಲಿ ಹಲವು ಸರ್ವರುಗಳನ್ನು ಒಟ್ಟಿಗೆ ನಡೆಸಲು ಬಳಸುವ ಕುಬರ್ನೆಟಿಸ್ ಎಂಬ ತಂತ್ರಾಂಶದ ತಂಡ ಒಂದು ಪ್ರಕಟಣೆ ಹೊರಡಿಸಿತು. ಇಂಗ್ರೆಸ್ ಎಂಜಿನ್‌ಎಕ್ಸ್ ಎಂಬ ಪ್ರಾಜೆಕ್ಟನ್ನು ನಿಲ್ಲಿಸುತ್ತೇವೆ, 2026ರ ಮಾರ್ಚ್‌ವರೆಗೆ ಕೈಲಾದಷ್ಟು ನೋಡಿಕೊಳ್ಳುತ್ತೇವೆ, ಆಮೇಲೆ ಹೊಸ ರಿಲೀಸೂ ಇಲ್ಲ, ಭದ್ರತೆಯ ರಿಪೇರಿಯೂ ಇಲ್ಲ ಅಂತ. ಇಂಟರ್ನೆಟ್ಟಿನಿಂದ ಬರುವ ಕೋರಿಕೆಗಳನ್ನು ಒಳಗಿನ ಸರಿಯಾದ ಸರ್ವರಿಗೆ ತಲುಪಿಸುವುದು ಅದರ ಕೆಲಸ. ಜಗತ್ತಿನ ತುಂಬಾ ಕಂಪನಿಗಳು ಅದನ್ನು ನೆಚ್ಚಿಕೊಂಡಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರು ಮಾತ್ರ ವರ್ಷಗಟ್ಟಲೆ ಒಬ್ಬರೋ ಇಬ್ಬರೋ. ಅದೂ ತಮ್ಮ ನೌಕರಿ ಮುಗಿಸಿಕೊಂಡು, ರಾತ್ರಿ ಹೊತ್ತು, ಶನಿವಾರ ಭಾನುವಾರ. ಇದನ್ನು ಮುಗಿಸುವ ಯೋಚನೆ ಇದೆ ಎಂದು ಅವರು ಹಿಂದಿನ ವರ್ಷವೇ ಹೇಳಿದ್ದರು. ಆಗಲೂ ಕೈ ಜೋಡಿಸಲು ಜನ ಬರಲಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಕೋಡನ್ನು ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ಬಗ್ಗೆ ಒಳ್ಳೆಯ ಉತ್ಸಾಹ ಇದೆ. ಹ್ಯಾಕಥಾನ್ ನಡೆಯುತ್ತವೆ, ಎರಡನೇ ವರ್ಷದ ಹುಡುಗರೂ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಖಾತೆ ತೋರಿಸುತ್ತಾರೆ. ಪ್ರಾಜೆಕ್ಟ್ ಶುರು ಮಾಡುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಅದನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಹೇಗೆ ಎಂದು ಹೇಳಿಕೊಡುವವರು ಕಾಣುವುದಿಲ್ಲ. ಆದರೆ ಬರೆದವರಿಗೆ ಒಂದಲ್ಲ ಒಂದು ದಿನ ಬಿಡುವ ಪ್ರಸಂಗ ಬಂದೇ ಬರುತ್ತದೆ. ನೌಕರಿ ಬದಲಾಗುತ್ತದೆ, ಮನೆಯಲ್ಲಿ ಹಿರಿಯರಿಗೆ ಆರಾಮ ಇರುವುದಿಲ್ಲ, ಇಲ್ಲವೇ ಆ ವಿಷಯದ ಮೇಲಿನ ಆಸಕ್ತಿಯೇ ಹೋಗಿಬಿಡುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಬಿಡುವ ರೀತಿಯಲ್ಲಿ ಮಾತ್ರ ಬಳಸುವವರ ಹಿತ ಅಡಗಿದೆ.

ಮೇಂಟೇನರ್ ಅಂದರೆ ಕೋಡ್ ಬರೆಯುವವರು ಅಷ್ಟೇ ಅಲ್ಲ. ಹೊರಗಿನವರು ಕಳಿಸಿದ ಬದಲಾವಣೆಯನ್ನು ಓದಿ ಒಪ್ಪುವುದೋ ಬಿಡುವುದೋ ತೀರ್ಮಾನಿಸುವವರು, ಹೊಸ ಆವೃತ್ತಿಯನ್ನು ತಮ್ಮ ಹೆಸರಿನಲ್ಲಿ ಬಿಡುಗಡೆ ಮಾಡುವವರು, ಯಾರೋ ಗುಟ್ಟಾಗಿ ಭದ್ರತೆಯ ದೋಷ ತಿಳಿಸಿದಾಗ ರಾತ್ರಿ ಎದ್ದು ನೋಡುವವರು ಅವರೇ.

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ. ಓಪನ್ ಸೋರ್ಸ್ ಅಂದಮೇಲೆ ಕೋಡ್ ಎಲ್ಲರದೂ ಅಲ್ವಾ? ಬೇಕಾದವರು ಫೋರ್ಕ್ ಮಾಡಿ, ಅಂದರೆ ತಮ್ಮದೇ ಒಂದು ನಕಲು ಮಾಡಿಕೊಂಡು ಮುಂದುವರಿಸಲಿ, ಒಪ್ಪಿಸುವ ಮಾತೇ ಯಾಕೆ? ಲೈಸೆನ್ಸಿನ ಮಟ್ಟಿಗೆ ಅದು ಸರಿ. ಆದರೆ ನಮ್ಮ ಕಡೆ ಹೊಲದ ವ್ಯವಹಾರ ಗೊತ್ತಿದ್ದವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಹೊಲ ಊಳುವವರು ಯಾರಾದರೂ ಆಗಿರಬಹುದು, ಲಾವಣಿಗೆ ಹಾಕಿಕೊಂಡವರೂ ಇರಬಹುದು; ಉತಾರದಲ್ಲಿ ಯಾರ ಹೆಸರಿದೆ ಎಂಬುದೇ ಬೇರೆ ಮಾತು. ಸಾಫ್ಟ್‌ವೇರ್‌ನಲ್ಲಿ ಕೋಡನ್ನು ಯಾರು ಬೇಕಾದರೂ ಊಳಬಹುದು. ಆದರೆ ಸಾವಿರಾರು ಕಂಪ್ಯೂಟರುಗಳು ಹೊಸ ಆವೃತ್ತಿ ಬಂತೇ ಎಂದು ನೋಡುವುದು ಒಂದೇ ಹೆಸರಿನ ಕಡೆಗೆ. ಆ ಹೆಸರಿನಲ್ಲಿ ಏನು ಬಂದರೂ ಅವು ತಮ್ಮಷ್ಟಕ್ಕೆ ತಾವೇ ಒಳಗೆ ತೆಗೆದುಕೊಳ್ಳುತ್ತವೆ. ಕೈ ಬದಲಾಗುವುದು ಆ ಹೆಸರಿನ ಅಧಿಕಾರ.

ಅದೂ ಒಂದೇ ಕಾಗದದಲ್ಲಿ ಇರುವುದಿಲ್ಲ. ಕೋಡ್ ಕೂಡಿಟ್ಟ ಜಾಗ, ಅಂದರೆ ರಿಪಾಸಿಟರಿಯ ಮಾಲೀಕತ್ವ ಗಿಟ್‌ಹಬ್‌ನಲ್ಲಿ ಇರುತ್ತದೆ. ಪ್ಯಾಕೇಜನ್ನು ಬಿಡುಗಡೆ ಮಾಡುವ ಹಕ್ಕು ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ) ಅಥವಾ ಪೈಪಿಐ (ಪೈಥಾನ್ ಪ್ಯಾಕೇಜುಗಳ ಭಂಡಾರ) ಖಾತೆಯಲ್ಲಿ ಇರುತ್ತದೆ. ವೆಬ್‌ಸೈಟಿನ ಡೊಮೈನ್ ಇನ್ಯಾರದೋ ಕಾರ್ಡಿನಲ್ಲಿ ವರ್ಷ ವರ್ಷ ನವೀಕರಣ ಆಗುತ್ತಿರುತ್ತದೆ. ರಿಲೀಸಿಗೆ ಸಹಿ ಹಾಕುವ ಡಿಜಿಟಲ್ ಕೀ ಒಬ್ಬರ ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ಆಂಡ್ರಾಯ್ಡ್ ಆಪ್ ಆದರೆ ಪ್ಲೇ ಸ್ಟೋರಿನ ಖಾತೆ ಬೇರೆ. ಇವುಗಳಲ್ಲಿ ಮೂರು ಕೊಟ್ಟು ಒಂದನ್ನು ಮರೆತರೆ ಹೊಸಬರ ಕೈ ಕಟ್ಟಿದಂತೆ. ಗೊತ್ತಿಲ್ಲದವರಿಗೆ ಎಲ್ಲವನ್ನೂ ಒಮ್ಮೆಗೇ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2018ರ ಒಂದು ಪ್ರಕರಣ ಸಾಕು.

ಇವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇತ್ತು. ವಾರಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಡೌನ್‌ಲೋಡ್. ಬರೆದ ಡೊಮಿನಿಕ್ ಟಾರ್ ಅದನ್ನು ತಾವೇ ಬಳಸುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅದರಿಂದ ಅವರಿಗೆ ಒಂದು ರೂಪಾಯಿ ಆದಾಯವೂ ಇರಲಿಲ್ಲ. ಯಾರೋ ಅಪರಿಚಿತರು ಇಮೇಲ್ ಮಾಡಿ, ನಾನು ನೋಡಿಕೊಳ್ಳುತ್ತೇನೆ ಅಂದರು. ಟಾರ್ ಅಧಿಕಾರ ಕೊಟ್ಟರು. ಆ ವ್ಯಕ್ತಿ ಮೊದಲು ಸಣ್ಣಪುಟ್ಟ ಒಳ್ಳೆಯ ಕೆಲಸವನ್ನೇ ಮಾಡಿದ. ಸೆಪ್ಟೆಂಬರ್‌ನಲ್ಲಿ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಇನ್ನೊಂದು ಪುಟ್ಟ ಪ್ಯಾಕೇಜನ್ನು ಅದಕ್ಕೆ ಜೋಡಿಸಿದ. ಕಳ್ಳ ಕೋಡ್ ಇದ್ದದ್ದು ಆ ಪ್ಯಾಕೇಜಿನ ಒಳಗೆ, ಅದೂ ಗೂಢಲಿಪಿಯಲ್ಲಿ. ಕೋಪೇ ಎಂಬ ಬಿಟ್‌ಕಾಯಿನ್ ವ್ಯಾಲೆಟ್ ಆಪ್‌ನ ಜೊತೆ ಸೇರಿದಾಗ ಮಾತ್ರ ಅದು ಬಿಚ್ಚಿಕೊಳ್ಳುತ್ತಿತ್ತು, ಹಣದ ಕೀಲಿಗಳನ್ನು ಕದಿಯುತ್ತಿತ್ತು. ಉಳಿದ ಕಡೆ ಏನೂ ಮಾಡುತ್ತಿರಲಿಲ್ಲ. ಹಾಗಾಗಿ ನವೆಂಬರ್‌ವರೆಗೆ ಯಾರಿಗೂ ಸುಳಿವು ಹತ್ತಲಿಲ್ಲ. ಕಡೆಗೆ ಅದನ್ನು ಹಿಡಿದದ್ದು ಕ್ಯಾಲಿಫೋರ್ನಿಯಾದ ಒಬ್ಬ ವಿದ್ಯಾರ್ಥಿ. ಪರದೆಯ ಮೇಲೆ ಬಂದ ಒಂದು ಎಚ್ಚರಿಕೆ ಸಾಲಿನ ಬೆನ್ನು ಹತ್ತಿ ಹೋದಾಗ ಇದು ಸಿಕ್ಕಿತು.

ಟಾರ್ ಮೇಲೆ ಜನ ಹರಿಹಾಯ್ದರು. ನನಗೆ ಅದು ಸರಿ ಕಾಣುವುದಿಲ್ಲ. ಪುಕ್ಕಟೆ ದುಡಿದವರು ಸಾಕಾಗಿ ಇನ್ನೊಬ್ಬರಿಗೆ ಕೊಟ್ಟರು. ಲಕ್ಷಾಂತರ ಜನ ಬಳಸುವಾಗ ಯಾರೂ ವಿಚಾರಿಸಿರಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎಂದ ಮೊದಲನೆಯವರೇ ಕಳ್ಳರಾಗಿದ್ದದ್ದು ದುರದೃಷ್ಟ. ಬೇರೆ ಯಾರೂ ಮುಂದೆ ಬಂದಿರಲಿಲ್ಲ ಎಂಬುದು ದುರದೃಷ್ಟವಲ್ಲ, ಅದು ಬಳಸುವ ನಮ್ಮೆಲ್ಲರ ಅಸಡ್ಡೆ.

ಇದಾದ ಮೇಲೆ, ಗುರುತಿಲ್ಲದವರಿಗೆ ಕೊಡಬೇಡಿ ಎಂಬ ಬುದ್ಧಿಮಾತು ಎಲ್ಲ ಕಡೆ ಕೇಳಿಬಂತು. ಹಾಗಾದರೆ ಎರಡು ವರ್ಷ ಜೊತೆಗೆ ದುಡಿದು ಗುರುತಾದವರಿಗೆ ಕೊಡಬಹುದಾ? ಎಕ್ಸ್‌ಝಡ್ ಪ್ರಕರಣ ಆ ಪ್ರಶ್ನೆಯನ್ನೇ ಕಷ್ಟ ಮಾಡಿಬಿಟ್ಟಿತು.

ಎಕ್ಸ್‌ಝಡ್ ಅಂದರೆ ಫೈಲುಗಳನ್ನು ಚಿಕ್ಕದು ಮಾಡುವ ಸಾಧನ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಹೆಚ್ಚುಕಡಿಮೆ ಎಲ್ಲ ಬಗೆಗಳಲ್ಲೂ ಇರುತ್ತದೆ. ಲಾಸ್ಸೆ ಕೊಲಿನ್ ಎಂಬವರು ಅದನ್ನು ಬಹಳ ವರ್ಷ ಒಬ್ಬರೇ ನಡೆಸಿಕೊಂಡು ಬಂದಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ಬದಲಾವಣೆಗಳನ್ನು ಕಳಿಸಲು ಶುರು ಮಾಡಿದರು. ಕೆಲಸ ಚೆನ್ನಾಗಿಯೇ ಇತ್ತು. 2022ರಲ್ಲಿ ಬೇರೆ ಬೇರೆ ಹೆಸರಿನಿಂದ ಕೊಲಿನ್‌ಗೆ ಒತ್ತಡದ ಪತ್ರಗಳು ಬಂದವು: ಇಷ್ಟು ತಡ ಯಾಕೆ, ಹೊಸ ಮೇಂಟೇನರ್ ಬರುವ ತನಕ ಇದು ಮುಂದೆ ಹೋಗುವುದಿಲ್ಲ ಎಂಬ ಧಾಟಿ. ತಮಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದೆ ಹವ್ಯಾಸಕ್ಕೆ ಮಾಡುವ ಕೆಲಸ ಎಂದು ಕೊಲಿನ್ ಬಹಿರಂಗವಾಗಿಯೇ ಬರೆದರು. ಮುಂದಿನ ದಿನಗಳಲ್ಲಿ ಜಿಯಾ ಟಾನ್‌ಗೆ ಹಂತ ಹಂತವಾಗಿ ಅಧಿಕಾರ ಸಿಕ್ಕಿತು. 2023ರ ಹೊತ್ತಿಗೆ ರಿಲೀಸ್ ಮಾಡುವುದೂ ಅವರ ಕೈಗೆ ಬಂತು. ದೋಷ ಹುಡುಕುವ ಗೂಗಲ್‌ನ ಒಂದು ವ್ಯವಸ್ಥೆಯಲ್ಲಿ ಸಂಪರ್ಕದ ಇಮೇಲ್ ಕೂಡ ಬದಲಾಯಿತು. ಒತ್ತಡ ಹಾಕಿದ ಆ ಹೆಸರುಗಳು ಆಮೇಲೆ ಎಲ್ಲೂ ಕಾಣಿಸಲಿಲ್ಲ.

2024ರ ಫೆಬ್ರುವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್ಎಸ್ಎಚ್ ವ್ಯವಸ್ಥೆಯನ್ನೇ ಅದು ಹಿಡಿಯುತ್ತಿತ್ತು. ಕಳ್ಳ ಮಾಲಿನ ಒಂದು ಭಾಗ ಪರೀಕ್ಷೆಗೆಂದು ಇಟ್ಟ ಫೈಲುಗಳಲ್ಲಿ ಇತ್ತು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರಿಗೂ ಕಾಣುವ ಗಿಟ್ ರಿಪಾಸಿಟರಿಯಲ್ಲಿ ಇರಲಿಲ್ಲ. ರಿಲೀಸಿಗೆಂದು ಕಟ್ಟಿದ ಫೈಲಿನಲ್ಲಿ ಮಾತ್ರ ಇದ್ದವು. ಅಂದರೆ ಓದಲು ಸಿಗುವ ಕೋಡ್ ಒಂದು, ಜನರ ಕೈಗೆ ಹೋಗುವ ಕಟ್ಟು ಇನ್ನೊಂದು. ರಿಲೀಸ್ ಮಾಡುವ ಅಧಿಕಾರ ಎಷ್ಟು ದೊಡ್ಡದು ಎಂದು ಇಲ್ಲಿ ತಿಳಿಯುತ್ತದೆ.

ಮಾರ್ಚ್ 29ರಂದು ಇದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟ್‌ನ ಎಂಜಿನಿಯರ್, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಅವರಿಗೆ ಅನುಮಾನ ಬಂತು. ಬಹುತೇಕ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗೆ ಅದು ತಲುಪುವ ಮುಂಚೆಯೇ ಸಿಕ್ಕಿಬಿತ್ತು. ಕೊಲಿನ್ ಮತ್ತೆ ಹೊಣೆ ಹೊತ್ತು, ಮೇ ತಿಂಗಳಲ್ಲಿ ಹಿಂಬಾಗಿಲು ಕಿತ್ತುಹಾಕಿದ ಆವೃತ್ತಿ ಬಿಟ್ಟರು.

ಈ ಕಥೆಯಿಂದ ಹೊಸಬರನ್ನು ನಂಬಲೇಬಾರದು ಎಂದು ಅರ್ಥ ಮಾಡಿಕೊಂಡರೆ ಓಪನ್ ಸೋರ್ಸ್ ಅಲ್ಲಿಗೇ ಮುಗಿಯಿತು. ನನಗೆ ಕಂಡ ಸಂಗತಿ ಬೇರೆ. ದಣಿದ ಒಬ್ಬರು, ಎದುರಿಗೆ ಇನ್ನೊಬ್ಬರು, ಇಷ್ಟೇ ಇದ್ದಾಗ ಅನಾಹುತ ಆಗುತ್ತದೆ. ಮೂರನೆಯವರ ಕಣ್ಣು ಇರಲಿಲ್ಲ. ಕೊಡುವವರ ಕೈಯಲ್ಲಿ ಶಕ್ತಿ ಇದ್ದಾಗ, ತಾವೇ ಹುಡುಕಿ, ನಾಲ್ಕು ಜನರ ಮುಂದೆ ಕೊಟ್ಟರೆ ಅಪಾಯ ಕಡಿಮೆ. ಬಂದು ಅವಸರ ಮಾಡುವವರಿಗೆ ಕೊಡಬಾರದು. ಬೇಗ ಕೊಡಿ ಎಂಬ ಒತ್ತಡ ಬಂದರೆ ಅದೇ ನಿಧಾನಿಸಲು ಕಾರಣ.

ಕೋಡ್ ಬಿಟ್ಟು ಬರೀ ಡೊಮೈನ್ ಕೈ ಬದಲಾದರೂ ಇದೇ ಪಾಡು. ಪಾಲಿಫಿಲ್ ಡಾಟ್ ಐಒ ಎಂಬ ವಿಳಾಸದಿಂದ ಒಂದು ಲಕ್ಷಕ್ಕೂ ಹೆಚ್ಚು ವೆಬ್‌ಸೈಟುಗಳು ನೇರವಾಗಿ ಸ್ಕ್ರಿಪ್ಟ್ ಎಳೆದುಕೊಳ್ಳುತ್ತಿದ್ದವು. 2024ರ ಫೆಬ್ರುವರಿಯಲ್ಲಿ ಆ ಡೊಮೈನ್ ಫನಲ್ ಎಂಬ ಕಂಪನಿಗೆ ಹೋಯಿತು. ಮೊದಲು ಆ ಸಾಫ್ಟ್‌ವೇರ್ ಕಟ್ಟಿದ್ದ ಆಂಡ್ರೂ ಬೆಟ್ಸ್, ಆ ಡೊಮೈನ್ ತಮ್ಮದಾಗಿರಲಿಲ್ಲ, ಎಲ್ಲರೂ ಅದನ್ನು ತೆಗೆದುಹಾಕಿ ಎಂದು ಕೂಡಲೇ ಎಚ್ಚರಿಸಿದರು. ಜೂನ್‌ನಲ್ಲಿ ಅಲ್ಲಿಂದ ಕೆಟ್ಟ ಕೋಡ್ ಬರುವುದು ಬೆಳಕಿಗೆ ಬಂತು.

ಚೆನ್ನಾಗಿ ಆದ ಹಸ್ತಾಂತರಗಳೂ ಇವೆ, ಸುದ್ದಿ ಆಗುವುದಿಲ್ಲ ಅಷ್ಟೇ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಬರೆಯಲು ಕೂತರು. ಅದೇ ಜುಲೈನಲ್ಲಿ ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಇಪ್ಪತ್ತು ವರ್ಷದಿಂದ ಹಮಾನೊ ಅವರೇ ನೋಡಿಕೊಳ್ಳುತ್ತಿದ್ದಾರೆ. ಕೆಲವೇ ತಿಂಗಳ ಪರಿಚಯ ಸಾಕಾಯಿತಲ್ಲ ಎನ್ನಬಹುದು. ಆದರೆ ಆ ತಿಂಗಳುಗಳಲ್ಲಿ ಹಮಾನೊ ಕಳಿಸಿದ ಒಂದೊಂದು ಪ್ಯಾಚ್ (ಬದಲಾವಣೆ) ಕೂಡ ಎಲ್ಲರ ಎದುರೇ ಚರ್ಚೆ ಆಗಿತ್ತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟುಹಾಕಿದ ಗೀಡೋ ವಾನ್ ರೋಸಮ್ 2018ರ ಜುಲೈನಲ್ಲಿ ಕೊನೆಯ ಮಾತಿನ ಅಧಿಕಾರ ಬಿಟ್ಟರು, ಯಾರನ್ನೂ ಉತ್ತರಾಧಿಕಾರಿ ಮಾಡಲಿಲ್ಲ. ಡೆವಲಪರುಗಳೇ ಚರ್ಚಿಸಿ, ಮತ ಹಾಕಿ, ಐದು ಜನರ ಸಮಿತಿ ಆರಿಸುವ ಪದ್ಧತಿ ತಂದರು. ಕೋಡ್ ಬರೆಯಲು ಬಳಸುವ ವಿಮ್ ಎಡಿಟರನ್ನು ಕಟ್ಟಿದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಅವರ ಜೊತೆ ವರ್ಷಗಟ್ಟಲೆ ದುಡಿದಿದ್ದ ಕ್ರಿಶ್ಚಿಯನ್ ಬ್ರಾಬಾಂಟ್ ಮುಂದಾದರು. 2024ರ ಜನವರಿಯಲ್ಲಿ 9.1 ಆವೃತ್ತಿ ಬಂತು, ಅದನ್ನು ಬ್ರಾಮ್ ನೆನಪಿಗೆ ಅರ್ಪಿಸಿದರು.

ನನಗೆ ತುಂಬಾ ಮೆಚ್ಚಿಗೆಯಾದದ್ದು ಟೈಮ್ ಝೋನ್ ಡೇಟಾಬೇಸಿನ ಉದಾಹರಣೆ. ಯಾವ ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ನಮ್ಮ ಫೋನು, ಬ್ಯಾಂಕಿನ ಸರ್ವರ್ ಎಲ್ಲವೂ ತಿಳಿಯುವುದು ಅದರಿಂದ. ಭಾರತದ ಸಮಯ ಅದರಲ್ಲಿ ಏಷ್ಯಾ/ಕೋಲ್ಕತಾ ಎಂಬ ಹೆಸರಿನಲ್ಲಿದೆ. ಆರ್ಥರ್ ಡೇವಿಡ್ ಓಲ್ಸನ್ ಅದನ್ನು 1980ರ ದಶಕದಿಂದ ನೋಡಿಕೊಂಡಿದ್ದರು. ನಿವೃತ್ತಿ ಹತ್ತಿರ ಬಂದಾಗ, ಸಾಕಷ್ಟು ಮೊದಲೇ, ಮುಂದೇನು ಎಂದು ಎಲ್ಲರನ್ನೂ ಕೇಳಿದರು. 2011ರಲ್ಲಿ ಅದು ಇಂಟರ್ನೆಟ್ ವಿಳಾಸಗಳನ್ನು ನೋಡಿಕೊಳ್ಳುವ ಐಎಎನ್‌ಎ ಆಶ್ರಯಕ್ಕೆ ಬಂತು, ಪಾಲ್ ಎಗರ್ಟ್ ಸಂಯೋಜಕರಾದರು. 2012ರಲ್ಲಿ ಅದನ್ನು ನಡೆಸುವ ನಿಯಮವನ್ನೂ ಬರೆದಿಟ್ಟರು: ಸಂಯೋಜಕರನ್ನು ಆರಿಸುವುದು ಹೇಗೆ, ತಕರಾರು ಬಂದರೆ ಯಾರ ಹತ್ತಿರ ಹೋಗಬೇಕು. ಒಬ್ಬರ ಕೈಯಿಂದ ಒಂದು ಸಂಸ್ಥೆಗೆ ಕೆಲಸ ಹೋದದ್ದು ಹೀಗೆ.

ಕನ್ನಡಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ ಟೆಸೆರಾಕ್ಟ್ ಇದೆ, ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ತಂತ್ರಾಂಶ. ಕನ್ನಡವನ್ನೂ ಓದುತ್ತದೆ. 1985ರಿಂದ ಎಚ್‌ಪಿ ಕಂಪನಿಯಲ್ಲಿ ಬೆಳೆಯಿತು, 2005ರಲ್ಲಿ ಓಪನ್ ಸೋರ್ಸ್ ಆಯಿತು, 2006ರಿಂದ ಗೂಗಲ್ ಅದನ್ನು ಬೆಳೆಸಿತು. 2018ರಲ್ಲಿ ಗೂಗಲ್ ಹಿಂದೆ ಸರಿದ ಮೇಲೂ ಅದು ನಿಲ್ಲಲಿಲ್ಲ. ಮೊದಲೇ ಕೈ ಹಾಕಿದ್ದ ಸ್ವಯಂಸೇವಕರು ಇದ್ದರು, ಅವರೇ ನಡೆಸುತ್ತಿದ್ದಾರೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯ ಮಾಡುವ ಎಷ್ಟೋ ಜನರ ಕೆಲಸ ಈ ಹಸ್ತಾಂತರದ ಮೇಲೆ ನಿಂತಿದೆ.

ಇನ್ನು ಸಣ್ಣ ಪ್ರಾಜೆಕ್ಟುಗಳಿಗೆ ಬರೋಣ. ಕನ್ನಡದ ಬಹಳಷ್ಟು ಸಾಧನಗಳು ಒಬ್ಬೊಬ್ಬರ ಬಿಡುವಿನ ಹೊತ್ತಿನಲ್ಲಿ ಬದುಕಿವೆ. ನನಗೆ ಪರಿಚಯದ ಒಬ್ಬರು ಬೆಳಗಾವಿಯ ಟಿಳಕವಾಡಿಯಲ್ಲಿದ್ದಾರೆ. ಹಳೆಯ ನುಡಿ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಪರಿವರ್ತಕ ಬರೆದಿದ್ದರು. ನಮ್ಮ ಭಾಗದ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ, ಸಣ್ಣ ಪತ್ರಿಕೆಗಳಲ್ಲಿ ಇನ್ನೂ ಆ ಹಳೆಯ ಫೈಲುಗಳು ರಾಶಿ ಬಿದ್ದಿವೆ, ಹಾಗಾಗಿ ಅದಕ್ಕೆ ಬೇಡಿಕೆ ಇದೆ. ನೌಕರಿಯ ಭಾರ ಜಾಸ್ತಿ ಆಗಿ ಅವರು ಅದನ್ನು ವಿಜಯಪುರದ ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿದರು. ಒಂದು ದಿನ ಇಬ್ಬರೂ ಕೂತು ಕೋಡ್ ಓದುವಾಗ ನಾನೂ ಅಲ್ಲಿದ್ದೆ.

"ಸರ, ಈ ಸಾಲು ಯಾಕ್ ಐತ್ರಿ? ತಗದ್ರೂ ಟೆಸ್ಟ್ ಎಲ್ಲಾ ಪಾಸ್ ಆಗಾಕತ್ತಾವಲ್ರಿ."

"ತಗೀಬ್ಯಾಡ ತಂಗಿ. ಅದು ಹೋದ್ರ 'ಸಾಮರ್ಥ್ಯ' ಅನ್ನೂದು ಕೆಡತೈತಿ."

"ಹಂಗಾರ ಅದಕ್ಕೊಂದು ಟೆಸ್ಟ್ ಬರದ ಇಡ್ಲೇನ್ರಿ?"

"ಇಡವಾ, ನಾ ಅವಾಗ ಬರೀಬೇಕಿತ್ತು."

ಆ ಸಾಲಿನ ಮಹತ್ವ ಏನೆಂದರೆ, ಹಳೆಯ ನುಡಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂಡಿಟ್ಟಿರುತ್ತವೆ. 'ಕರ್ನಾಟಕ' ಎಂದರೆ ಮೊದಲು ಕ, ಆಮೇಲೆ ನಾ, ಅದರ ಮುಂದೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ರ್ ಮೊದಲು, ನಾ ಆಮೇಲೆ. ಹಾಗಾಗಿ ಪರಿವರ್ತಕ ಅರ್ಕಾವತ್ತು ಕಂಡಾಗ ಹಿಂದಕ್ಕೆ ಹೋಗಿ ಅದನ್ನು ಸರಿಯಾದ ಜಾಗದಲ್ಲಿ ಇಡಬೇಕು. 'ಕರ್ನಾಟಕ'ದಲ್ಲಿ ಒಂದು ಅಕ್ಷರ ಹಿಂದೆ ಹೋದರೆ ಸಾಕು. 'ಸಾಮರ್ಥ್ಯ'ದಲ್ಲಿ ಥ ಇದೆ, ಅದಕ್ಕೆ ಯ ಒತ್ತು ಇದೆ, ಅದಾದ ಮೇಲೆ ಅರ್ಕಾವತ್ತು. ಒತ್ತನ್ನೂ ದಾಟಿ ಹಿಂದೆ ಹೋಗಬೇಕು. ಇನ್ನು 'ರ‍್ಯಾಲಿ' ಎಂಬ ಪದದಲ್ಲಿ ಅರ್ಕಾವತ್ತೇ ಇಲ್ಲ, ಪೂರ್ತಿ ರ ಬರೆದು ಕೆಳಗೆ ಯ ಒತ್ತು ಬರಬೇಕು. ಅದಕ್ಕೆ ಯೂನಿಕೋಡ್‌ನಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡುಚಿಹ್ನೆ ಹಾಕುತ್ತಾರೆ. ಗೊತ್ತಿಲ್ಲದವರು ಕೋಡ್ ಚೊಕ್ಕ ಮಾಡುವಾಗ, ಇದೇನೋ ಕಸ ಎಂದು ಆ ಚಿಹ್ನೆಯನ್ನೇ ತೆಗೆದುಹಾಕಬಹುದು. ಯಾವ ಪಾಸ್‌ವರ್ಡ್ ಕೊಟ್ಟರೂ ಈ ತಿಳಿವಳಿಕೆ ಹೊಸಬರಿಗೆ ಬರುವುದಿಲ್ಲ. ಜೊತೆಗೆ ಕೂತು ಓದಬೇಕು, ಪ್ರತಿ ವಿಚಿತ್ರ ಸಾಲಿಗೂ ಒಂದು ಟೆಸ್ಟ್ ಮತ್ತು ಎರಡು ಸಾಲು ಕಾರಣ ಬರೆದಿಡಬೇಕು.

ಆ ಇಬ್ಬರೂ ಅನುಸರಿಸಿದ ಕ್ರಮ ನನಗೆ ಸರಿ ಅನ್ನಿಸಿತು. ಮೊದಲು ಅವಳು ಬಂದ ದೂರುಗಳಿಗೆ ಉತ್ತರ ಕೊಟ್ಟಳು. ಆಮೇಲೆ ಬೇರೆಯವರ ಬದಲಾವಣೆಗಳನ್ನು ಪರಿಶೀಲಿಸಿದಳು, ಕೊನೆಯ ಒಪ್ಪಿಗೆ ಅವರದೇ ಇತ್ತು. ಮುಂದೆ ರಿಲೀಸನ್ನು ಅವಳು ತಯಾರು ಮಾಡಿದಳು, ಬಟನ್ ಒತ್ತಿದ್ದು ಅವರು. ಅದರ ಮುಂದಿನ ರಿಲೀಸಿಗೆ ಬಟನ್ ಒತ್ತಿದ್ದು ಅವಳು, ನೋಡಿದ್ದು ಅವರು. ಪೈಪಿಐ ಖಾತೆಯ ಹಕ್ಕು ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ಪಾಸ್‌ವರ್ಡನ್ನು ವಾಟ್ಸಾಪ್‌ನಲ್ಲಿ ಕಳಿಸಲಿಲ್ಲ. ಅವಳ ಸ್ವಂತ ಖಾತೆಗೆ ಹಕ್ಕು ಸೇರಿಸಿದರು. 2024ರ ಜನವರಿಯಿಂದ ಪೈಪಿಐನಲ್ಲಿ ಎರಡು ಹಂತದ ದೃಢೀಕರಣ ಎಲ್ಲರಿಗೂ ಕಡ್ಡಾಯ. ಹಾಗಾಗಿ ಒಂದೇ ಖಾತೆಯನ್ನು ಇಬ್ಬರು ಹಂಚಿಕೊಂಡರೆ ದೃಢೀಕರಣದ ಗುಪ್ತ ಸಂಖ್ಯೆ ಒಬ್ಬರ ಫೋನಿಗೆ ಬಂದು ಕೂರುತ್ತದೆ, ಅವರು ಊರಲ್ಲಿಲ್ಲದಾಗ ಕೆಲಸ ನಿಂತುಹೋಗುತ್ತದೆ. ಮೇಂಟೇನರ್ ಬದಲಾಗಿದ್ದಾರೆ ಎಂದು ಮೊದಲ ಪುಟದಲ್ಲೇ ತಾರೀಕು ಸಮೇತ ಬರೆದರು. ಬಳಸುವವರಿಗೆ ಇದು ಗೊತ್ತಾಗುವುದು ಅವರ ಹಕ್ಕು. ಒಂದೇ ಹೆಸರಿನ ಹಿಂದೆ ಮನುಷ್ಯರು ಬದಲಾದಾಗ ಮತ್ತೊಮ್ಮೆ ನಂಬಬೇಕೋ ಬೇಡವೋ ಎಂದು ಯೋಚಿಸುವ ಅವಕಾಶ ಅವರಿಗೆ ಸಿಗಬೇಕು.

ಇಲ್ಲಿಂದ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಕೊಂಡಿ ಕಳಚುತ್ತದೆ. ಆ ವಿದ್ಯಾರ್ಥಿನಿಯೂ ನಾಳೆ ಬೆಂಗಳೂರಿಗೋ ಪುಣೆಗೋ ನೌಕರಿಗೆ ಹೋಗುತ್ತಾಳೆ. ನಮ್ಮ ಭಾಗದಲ್ಲಿ ಸಣ್ಣ ಕನ್ನಡ ಪ್ರಾಜೆಕ್ಟುಗಳಿಗೆ ವಾರಸುದಾರರಾಗಲು ಯೋಗ್ಯ ಜಾಗ ಎಂದರೆ ಎಂಜಿನಿಯರಿಂಗ್ ಕಾಲೇಜುಗಳು.

1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲೇ ಇದೆ. ಅದರ ಕೆಳಗಿನ ಕಾಲೇಜುಗಳಲ್ಲಿ ಕೊನೆಯ ವರ್ಷದವರು ಪ್ರಾಜೆಕ್ಟ್ ಮಾಡಲೇಬೇಕು. ಪ್ರತಿ ವರ್ಷ ಮುಖ ನೋಡಿ ಹಾಜರಿ ಹಾಕುವ ವ್ಯವಸ್ಥೆ, ಎಲೆಯ ಫೋಟೋ ನೋಡಿ ಬೆಳೆಯ ರೋಗ ಹೇಳುವ ಆಪ್, ಇವೇ ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತವೆ. ವೈವಾ ಮುಗಿದ ಮೇಲೆ ರಿಪೋರ್ಟ್ ಬೈಂಡ್ ಆಗಿ ಕಪಾಟಿಗೆ ಹೋಗುತ್ತದೆ, ಕೋಡ್ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ಮುಂದಿನ ವರ್ಷದವರು ಮತ್ತೆ ಮೊದಲಿಂದ ಶುರು. ನಾಲ್ಕು ಹುಡುಗರು ಇಡೀ ವರ್ಷ ಹಾಕಿದ ಶ್ರಮ ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದರ ಬದಲು ಒಂದು ವಿಭಾಗ ಈಗಾಗಲೇ ಬಳಕೆಯಲ್ಲಿರುವ ಒಂದು ಕನ್ನಡ ಸಾಧನವನ್ನು ದತ್ತು ತೆಗೆದುಕೊಳ್ಳಲಿ. ಕಾಗುಣಿತ ತಿದ್ದುವ ಪದಪಟ್ಟಿ, ಕೀಬೋರ್ಡ್ ವಿನ್ಯಾಸ, ಫಾಂಟ್ ಪರಿವರ್ತಕ, ಇಂಥವು ಎಷ್ಟೋ ಇವೆ. ಪ್ರತಿ ವರ್ಷ ಹಿರಿಯ ಬ್ಯಾಚ್ ಕಿರಿಯ ಬ್ಯಾಚಿಗೆ ಒಪ್ಪಿಸಲಿ. ವರ್ಷ ವರ್ಷ ಹುಡುಗರು ಹೊರಟುಹೋಗುತ್ತಾರೆ ಎಂಬುದು ಇಲ್ಲಿ ತೊಡಕಲ್ಲ. ಒಪ್ಪಿಸುವ ಅಭ್ಯಾಸ ತಪ್ಪದೆ ಆಗುತ್ತದೆ, ಬರೆದಿಡದೆ ಗತಿ ಇರುವುದಿಲ್ಲ. ನೌಕರಿಗೆ ಸೇರಿದ ಮೇಲೂ ಆ ಹುಡುಗರು ಮಾಡುವುದು ಇದೇ ಕೆಲಸ: ಬೇರೆಯವರು ಬರೆದ ಹಳೆಯ ಕೋಡ್ ಓದಿ, ಕೆಡಿಸದೆ ತಿದ್ದುವುದು.

ಇದರಲ್ಲಿ ಎಡವುವ ಜಾಗಗಳಿವೆ. ಕಾಲೇಜಿನ ಇಮೇಲ್ ವಿಳಾಸದ ಮೇಲೆ ಖಾತೆಗಳನ್ನು ತೆರೆದರೆ, ಪಾಸಾಗಿ ಹೋದಮೇಲೆ ಆ ವಿಳಾಸ ಬಂದ್ ಆಗುತ್ತದೆ, ಪಾಸ್‌ವರ್ಡ್ ಬದಲಿಸುವ ದಾರಿಯೇ ಮುಚ್ಚುತ್ತದೆ. ಗಿಟ್‌ಹಬ್‌ನಲ್ಲಿ ವ್ಯಕ್ತಿಯ ಹೆಸರಿನಲ್ಲಿ ಇಡದೆ ಆರ್ಗನೈಸೇಷನ್ ತೆರೆದು, ಕಡಿಮೆ ಅಂದರೂ ಇಬ್ಬರನ್ನು ಮಾಲೀಕರನ್ನಾಗಿ ಇಡಬೇಕು. ಒಬ್ಬರು ಅಧ್ಯಾಪಕರು, ಇನ್ನೊಬ್ಬರು ಹೊರಗಿನ ಅನುಭವಿ, ಹಳೆಯ ಮೇಂಟೇನರ್ ಆದರೆ ಇನ್ನೂ ಒಳ್ಳೆಯದು. ಪರೀಕ್ಷೆಯ ಹೊತ್ತಿಗೆ ಎರಡು ತಿಂಗಳು ಉತ್ತರ ಬರುವುದಿಲ್ಲ ಎಂದಾದರೆ ಅದನ್ನು ಮುಂಚೆಯೇ ಬರೆದು ಹಾಕಬೇಕು. ಸುಮ್ನೆ ಮೌನವಾಗಿದ್ದರೆ ಬಳಸುವವರು ಪ್ರಾಜೆಕ್ಟ್ ಸತ್ತಿದೆ ಅಂದುಕೊಳ್ಳುತ್ತಾರೆ.

ಅಂಕ ಕೊಡುವ ಬಗೆಯೂ ಬದಲಾಗಬೇಕು. ಎಷ್ಟು ಬದಲಾವಣೆ ಕಳಿಸಿದಿರಿ ಎಂದು ಲೆಕ್ಕ ಹಾಕಿದರೆ ಕೆಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸಿಗೆ ಬದಲಾವಣೆ ಕಳಿಸಿದವರಿಗೆ ಬಹುಮಾನ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದ ಟೀ-ಶರ್ಟ್‌ಗಾಗಿ ಹೊಸಬರು ಪ್ರಪಂಚದ ಪ್ರಾಜೆಕ್ಟುಗಳಿಗೆಲ್ಲ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಸುರಿದರು. ಕೆಲವೇ ದಿನಗಳಲ್ಲಿ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ಮಾಡಬೇಕಾಯಿತು. ಒಂದು ದೂರನ್ನು ಬುಡದವರೆಗೆ ಹ್ಯಾಂಗೆ ಹುಡುಕಿದರು, ಬೇರೆಯವರ ಬದಲಾವಣೆಯನ್ನು ಯಾವ ಕಾರಣಕ್ಕೆ ಬೇಡ ಅಂದರು, ಮುಂದಿನವರಿಗೆ ಏನು ಬರೆದಿಟ್ಟು ಹೋದರು, ಅಂಕ ಇವಕ್ಕೆ ಬರಬೇಕು. ಇವೆಲ್ಲ ಗಿಟ್ ಇತಿಹಾಸದಲ್ಲಿ ತಾರೀಕು ಸಮೇತ ಸಿಗುತ್ತವೆ, ಗೈಡ್‌ಗಳಿಗೆ ನೋಡಲು ಕಷ್ಟವಿಲ್ಲ.

ಬಳಸುವ ಕಂಪನಿಗಳ ಹೊಣೆಯೂ ಇದೆ. 2014ರಲ್ಲಿ ಓಪನ್‌ಎಸ್ಎಸ್ಎಲ್ ಎಂಬ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ, ಇಂಟರ್ನೆಟ್ಟಿನ ದೊಡ್ಡ ಪಾಲನ್ನು ಕಾಯುತ್ತಿದ್ದ ಅದಕ್ಕೆ ವರ್ಷಕ್ಕೆ ಸುಮಾರು 2000 ಡಾಲರ್ ಮಾತ್ರ ದೇಣಿಗೆ ಬರುತ್ತಿತ್ತು ಎಂದು ತಿಳಿದು ಜನ ದಂಗಾದರು. ಇಂಗ್ರೆಸ್ ಎಂಜಿನ್‌ಎಕ್ಸ್ ನೋಡಿದರೆ ಹನ್ನೊಂದು ವರ್ಷದ ಮೇಲೂ ಆ ಪಾಠ ಪೂರ್ತಿ ಇಳಿದಿಲ್ಲ. ಹಣ ಕೊಡಲಾಗದ ಸಣ್ಣ ಸಂಸ್ಥೆ ತನ್ನ ಒಬ್ಬ ನೌಕರನಿಗೆ ವಾರಕ್ಕೆ ಅರ್ಧ ದಿನ ಬಿಟ್ಟುಕೊಟ್ಟರೂ ಒಂದು ಪ್ರಾಜೆಕ್ಟಿಗೆ ಎರಡನೇ ಮೇಂಟೇನರ್ ಸಿಗುತ್ತಾರೆ.

ಎಷ್ಟು ಹುಡುಕಿದರೂ ಯೋಗ್ಯರು ಸಿಗದಿದ್ದರೆ? ಮುಚ್ಚುವುದೇ ವಾಸಿ. ಅದಕ್ಕೂ ಮೊದಲು ಹುಡುಕುವ ವಿಷಯದಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರ ಪದ್ಧತಿ ಚೆನ್ನಾಗಿದೆ. ನಮ್ಮ ಪ್ಯಾಕೇಜಿಗೆ ದತ್ತು ಬೇಕು, ಇದು ಅನಾಥವಾಗಿದೆ, ನನಗೆ ಸಹಾಯ ಬೇಕು, ಈ ಮೂರಕ್ಕೂ ಬೇರೆ ಬೇರೆ ಗುರುತು ಇಟ್ಟಿದ್ದಾರೆ, ಪಟ್ಟಿ ಎಲ್ಲರಿಗೂ ಕಾಣುತ್ತದೆ. ಮೇಂಟೇನರ್ ತೀರಿಕೊಂಡರೆ ಏನು ಎಂಬುದಕ್ಕೆ ಗಿಟ್‌ಹಬ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಉತ್ತರಾಧಿಕಾರಿಯನ್ನು ಹೆಸರಿಸುವ ಅವಕಾಶ ಇದೆ. ಐದು ನಿಮಿಷದ ಕೆಲಸ, ಇವತ್ತೇ ಮಾಡಬಹುದು. ಪೈಪಿಐನಲ್ಲಿ ಮಾಲೀಕರು ಸಂಪರ್ಕಕ್ಕೆ ಸಿಗದೆ, 12 ತಿಂಗಳು ಯಾವ ರಿಲೀಸೂ ಚಟುವಟಿಕೆಯೂ ಇಲ್ಲದಿದ್ದರೆ ಆ ಪ್ರಾಜೆಕ್ಟನ್ನು ಬಿಟ್ಟುಹೋದದ್ದು ಎಂದು ಪರಿಗಣಿಸಿ ಬೇರೆಯವರು ಅರ್ಜಿ ಹಾಕುವ ದಾರಿ ಇದೆ.

ಮುಚ್ಚುವಾಗ ಡಿಲೀಟ್ ಮಾತ್ರ ಮಾಡಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂನಿಂದ ತೆಗೆದಾಗ ಸಾವಿರಾರು ಪ್ರಾಜೆಕ್ಟುಗಳು ಬಿಲ್ಡ್ ಆಗದೆ ನಿಂತವು, ಅದನ್ನು ವಾಪಸ್ ಹಾಕಬೇಕಾಯಿತು. ಪೈಪಿಐನಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಪ್ರಾಜೆಕ್ಟ್ ಅಳಿಸಿದರೆ ಆ ಹೆಸರು ಖಾಲಿಯಾಗುತ್ತದೆ, ಬೇರೆ ಯಾರು ಬೇಕಾದರೂ ಅದನ್ನು ಹಿಡಿಯಬಹುದು. ಹಳೆಯ ಹೆಸರು ನೆಚ್ಚಿಕೊಂಡ ಕಂಪ್ಯೂಟರುಗಳಿಗೆ ಆಗ ಹೊಸಬರ ಕೋಡ್ ಇಳಿಯುತ್ತದೆ. ರಿಪಾಸಿಟರಿಯನ್ನು ಆರ್ಕೈವ್ ಮಾಡಿ (ಓದಲು ಮಾತ್ರ ಸಿಗುವಂತೆ ಇಡಿ), ಪ್ಯಾಕೇಜನ್ನು ಅಲ್ಲೇ ಇರಲು ಬಿಡಿ, ಮೊದಲ ಪುಟದಲ್ಲಿ ಕೊನೆಯದಾಗಿ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದೀರಿ, ಬದಲಿಗೆ ಏನು ಬಳಸಬಹುದು ಎಂದು ಬರೆಯಿರಿ. ಬಿಡುಗಡೆಗೆ ಪಾಸ್‌ವರ್ಡಿನಂತೆ ಬಳಸುತ್ತಿದ್ದ ಟೋಕನ್‌ಗಳನ್ನು ರದ್ದು ಮಾಡಿ. ಡೊಮೈನ್ ಇದ್ದರೆ, ಬಳಕೆ ಪೂರ್ತಿ ನಿಲ್ಲುವ ತನಕ ಇನ್ನೂ ಕೆಲವು ವರ್ಷ ಅದರ ಬಾಡಿಗೆ ಕಟ್ಟುತ್ತಿರಿ.